ಹೋದ ಬಸ್ಸು, ಉಳಿದ ‘ದಿ’

ಹೆಂಡತಿ ತೀರಿಕೊಂಡ ಮೇಲೆ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಬಸ್ಸಿಗೆ ಕಾಯುವಾಗಲೂ ದೇವರ ನಾಮ ಬಿಟ್ಟವರಲ್ಲ. ಇವತ್ತು ಪಕ್ಕದಲ್ಲಿದ್ದ ಅಕ್ಕತಂಗಿಯರ ಮಾತು ಕಿವಿಗೆ ಬಿದ್ದು ಅದು ನಿಂತಿತು.

“ಅಕ್ಕಾ, ನರ್ಸ್ ಕೆಲಸದ ಇಂಟರ್‌ವ್ಯೂಗೆ ನಾನು ಬರಲ್ಲ. ಇಂಗ್ಲಿಷಲ್ಲಿ ಈ ‘ದಿ’ ಎಲ್ಲಿ ಹಾಕ್ಬೇಕೋ ತಿಳಿಯಲ್ಲ.”

“ಅಡುಗೆಗೆ ಉಪ್ಪು ಎಷ್ಟು ಹಾಕ್ಬೇಕೂಂತಲೂ ನಿಂಗೆ ತಿಳಿಯಲ್ಲ. ನಾವು ತಿಂದು ಬದುಕಿಲ್ವಾ?”

“ನಗ್ತಾರಕ್ಕಾ.”

“ನಗ್ಲಿ. ‘ದಿ’ ಮರೆತ್ರೆ ರೋಗಿ ಸಾಯಲ್ಲ, ಇಂಜೆಕ್ಷನ್ ಮರೆತ್ರೆ ಸಾಯ್ತಾನೆ. ಅದು ಬರುತ್ತಲ್ಲ? ಬಸ್ ಬಂತು, ಹತ್ತು.”

ತಂಗಿ ಹತ್ತಿದಳು, ಹಿಂದೆಯೇ ಅಕ್ಕನೂ. ಹೇಳಿಕೊಡಲು ಬಾಯಿ ತೆರೆದ ಮೇಷ್ಟ್ರು ‘ದಿ’ ನಿಯಮದ ಅಪವಾದಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟೇಹೋಯಿತು. ಅವರು ಹತ್ತಬೇಕಾಗಿದ್ದದ್ದೂ ಅದೇ ಬಸ್ಸು.

ಹೆಂಡತಿ ಇದ್ದಿದ್ದರೆ, “ಪಾಠ ಮುಗೀತಾ? ಇನ್ನು ನಡೀರಿ” ಎನ್ನುತ್ತಿದ್ದಳು.

ಮೇಷ್ಟ್ರು ದೇವರ ನಾಮ ಹೇಳಿಕೊಳ್ಳುತ್ತ ನಡೆದರು.