ಗಾಲಿಯ ಮೇಲಿನ ರುಮಾಲು

ಅಪ್ಪನ ರುಮಾಲಿನ ಒಂದು ಮೂಲೆಯನ್ನು ಇಲಿ ಕಡಿದಿತ್ತು. ನಾನು ದೀಪದ ಬೆಳಕು ಸರಿಯಾಗಿ ಮುಟ್ಟದ ಕಡೆ, ಗೋಡೆಗೆ ಬೆನ್ನು ಹಚ್ಚಿ ಕೂತು, ನನ್ನ ಹಳೆಯ ಕುಪ್ಪಸದಿಂದ ಕತ್ತರಿಸಿದ ಕೆಂಪು ಖಣದ ತುಂಡನ್ನು ಆ ಮೂಲೆಗಿಟ್ಟು ಹೊಲಿಯುತ್ತಿದ್ದೆ. ಏನು ಮಾಡುತ್ತಿದ್ದೀ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಗಾದರೆ ಅಣ್ಣ ಸೋಮನಿಂಗ ಇದನ್ನೇ ತಲೆಗೆ ಸುತ್ತಿಕೊಂಡು ಸಿಂದಗಿ ಕಡೆಯ ವಿದ್ಯಾಪೀಠದ ಬಾಯ್ಲರ್ ಮನೆಯಲ್ಲಿ ಕೆಲಸಕ್ಕೆ ನಿಲ್ಲುವವನಿದ್ದ. ಅಪ್ಪ ಕಲ್ಲುಗಣಿಯ ಧೂಳು ಕುಡಿದು ಕೆಮ್ಮಿ ಕೆಮ್ಮಿ ಹೋಗಿದ್ದ. ಅಣ್ಣನಿಗೂ ಅದೇ ಕೆಮ್ಮು ಶುರುವಾಗಿತ್ತು. ಗಣಿ ಬಿಟ್ಟರೆ ನಮಗೆ ಕಂಡ ಇನ್ನೊಂದು ಬಾಗಿಲು ಇದೊಂದೇ.

ಹೊರಗೆ ಮಳೆ ಹಿಡಿದಿತ್ತು. ನಮ್ಮೂರು ಮಸೂತಿಯ ಎರೆಮಣ್ಣು ನೆನೆದರೆ ಕಾಲಲ್ಲಿನ ಚಪ್ಪಲಿಯನ್ನೂ ಬಿಟ್ಟುಕೊಡುವುದಿಲ್ಲ. ಅಣ್ಣನನ್ನು ಕರೆದೊಯ್ಯಲು ಬಂದಿದ್ದ ನಬಿಲಾಲ ಕಾಕಾ ನಮ್ಮ ಪಡಸಾಲೆಯಲ್ಲೇ ಉಳಿದರು. ಆ ಬಾಯ್ಲರ್ ಮನೆಗೆ ಪಾಯ ತೋಡಿದ ದಿನದಿಂದ ಅಲ್ಲಿ ದುಡಿದ ಮುದುಕರು. ನೆರೆಮನೆಯ ಕಸ್ತೂರೆವ್ವ ಹುರಿದ ಶೇಂಗಾ ಸೆರಗಿನಲ್ಲಿ ತುಂಬಿಕೊಂಡು ಬಂದು ಅವರ ಮುಂದೆಯೇ ಕೂತಳು.

"ಕಾಕಾ, ಆ ಬಾಯ್ಲರ್ ನಮ್ಮ ಬಚ್ಚಲ ಹಂಡೆದಷ್ಟು ಇರ್ತೈತೇನ್ರಿ?"

"ನಿನ್ನಂಥಾ ನಾಕ ಮಂದಿ ಒಳಗ ಕುಂತು ಜಳಕಾ ಮಾಡಬಹುದು."

"ನನ್ನಂಥಾ ನಾಕ ಮಂದಿ ಇದ್ರ ನೀರು ತಾನ ಕಾಯ್ತಾವ, ಬಾಯ್ಲರ್ ಯಾಕ ಬೇಕ್ರಿ?"

ಅವ್ವ ನಕ್ಕಳು, ಅಣ್ಣ ನಕ್ಕ. ಕಾಕಾ ನಗಲಿಲ್ಲ. ಶೇಂಗಾ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡಿ ಅವ್ವನ ಕಡೆ ತಿರುಗಿದರು.

"ಸುಂದರವ್ವಾ, ನಿನ್ನ ಮಗನ್ನ ಏನೂ ಹೇಳದ ಕರಕೊಂಡು ಹೋದ್ರ ಅಲ್ಲಾ ನನ್ನ ಮೆಚ್ಚೂದಿಲ್ಲ. ಕೇಳ್ರಿ... ಕೇಳಿದ ಮ್ಯಾಲ ನಿಮ್ಮ ಮರ್ಜಿ.

"ಮೊದಲ ಅಲ್ಲಿ ಏನಿತ್ತು? ಹಾಸ್ಟೆಲ್ಲಿಗೊಂದು ಒಲಿ, ದವಾಖಾನಿಗೊಂದು ಒಲಿ, ಅಡಗಿಮನಿಗೊಂದು, ಹುಡುಗ್ರು ಪ್ರಯೋಗ ಮಾಡೂ ಖೋಲಿಗೊಂದು... ಎಲ್ಲಿ ನೋಡಿದಲ್ಲಿ ಹೊಗಿ. ಅಲ್ಲಿದ್ದ ಬೇವಿನ ಗಿಡ ಎಲ್ಲಾ ಕಡದು ಒಲಿಗೆ ಹಾಕಿದ್ರು, ಆದ್ರೂ ಹುಡುಗ್ರಿಗೆ ನೀರು ಬಿಸಿ ಇಲ್ಲ. ಅವಾಗ ಬಂದ್ರು ನೋಡ್ರಿ ಇಂಜಿನೇರ ಸಾಹೇಬ್ರು, ಚಡಚಣದ ಕಡೆಯವ್ರು, ಸಿಟ್ಟು ಬಂದ್ರ ಮರಾಠಿ, ಖುಷಿ ಆದ್ರ ಕನ್ನಡ. ನೆಲದ ಮ್ಯಾಲ ನಕಾಶಿ ಹಾಸಿ, ನಟ್ಟನಡುವ ಬೊಟ್ಟ ಇಟ್ಟು ಹೇಳಿದ್ರು... ಇಡೀ ವಿದ್ಯಾಪೀಠಕ್ಕ ಒಂದ ಬೆಂಕಿ ಸಾಕು. ಇಲ್ಲಿ ಉಗಿ ಹುಟ್ಟತೈತಿ, ಪೈಪಿನಾಗ ಎಲ್ಲಾ ಕಡೆ ಹೋಗತೈತಿ, ಕಾವು ಕೊಟ್ಟು ನೀರಾಗಿ ತಿರುಗಿ ಇಲ್ಲೇ ಬರತೈತಿ, ಮತ್ತ ಉಗಿ ಆಗತೈತಿ... ಹೋದದ್ದೆಲ್ಲಾ ತಿರುಗಿ ಬರತೈತಿ, ಏನೂ ಹಾಳಾಗೂದಿಲ್ಲ, ಅಂದ್ರು. ಆ ಮಾತು ನೆನಪಿಟ್ಟಕೋರಿ.

"ಎರಿ ನೆಲ ಬ್ಯಾಸಿಗ್ಯಾಗ ಸೀಳತೈತಿ, ಪೈಪು ಹಂಗ ಹುಗದ್ರ ಮುರಿತಾವು. ಅದಕ್ಕ ಮುದ್ದೇಬಿಹಾಳದ ಕಡೆಯಿಂದ ಫರಸಿ ಕಲ್ಲು ತರಿಸಿ ನೆಲದಾಗ ಸುರಂಗ ಕಟ್ಟಿದ್ವಿ. ಮನಶ್ಯಾ ಅಂಬೆಗಾಲ ಇಟ್ಟು ಹೋಗೂವಷ್ಟು. ಕಾವು ಹೊರಗ ಹೋಗಬಾರದಂತ ಪೈಪಿಗೆಲ್ಲಾ ದಪ್ಪನ್ನ ಪಟ್ಟಿ ಸುತ್ತೂದು. ಬಾಯ್ಲರ್ ಮನ್ಯಾಗ ಒಂದು ಕಬ್ಬಿಣದ ಗಾಲಿ... ಅದನ್ನ ತಿರುವಿದ್ರ ಉಗಿ ಸುರಂಗದ ಪೈಪಿಗೆ ನುಗ್ಗತೈತಿ. ನಾವು ಓದೂ ಮಂದಿ ಅಲ್ಲ, ಬೋರ್ಡು ಬರದ್ರ ನಮಗೇನು ತಿಳೀತೈತಿ? ನಾವೊಂದು ಪದ್ಧತಿ ಮಾಡಿಕೊಂಡಿದ್ವಿ. ಸುರಂಗಕ್ಕ ಇಳಿಯಾಂವ ತನ್ನ ರುಮಾಲ ಆ ಗಾಲಿ ಮ್ಯಾಲ ಹಾಕಿ ಇಳೀಬೇಕು. ರುಮಾಲ ಐತಿ ಅಂದ್ರ ಒಳಗ ಜೀವ ಐತಿ. ಹೊರಗ ಬಂದು ಅಂವನ ತಗೀಬೇಕು, ಬ್ಯಾರೆಯವ್ರು ಮುಟ್ಟೂಹಂಗಿಲ್ಲ.

"ಎಲ್ಲಾ ಮುಗೀತು. ಮಹಾನವಮಿ ಖಂಡೆ ಪೂಜಿ ದಿನಾನ ಉಗಿ ಬಿಡೂದಂತ ಆತು. ದೊಡ್ಡ ಮಂದಿ ಬರಾವ್ರು, ಚಪ್ಪರ, ಮಾಲಿ, ಪೇಢೆ... ಆ ಗಡಿಬಿಡ್ಯಾಗ ಸಾಹೇಬ್ರಿಗೆ ನೆನಪಾತು, ಒಳಗ ಒಂದು ಜಾಯಿಂಟು ಬಿಗಿ ಆಗಿಲ್ಲ, ಪಟ್ಟಿನೂ ಸುತ್ತಿಲ್ಲ, ಅಲ್ಲಿ ಕಾವು ಸೋರತೈತಿ. ಅಷ್ಟೂ ಸೋರಬಾರದು ಅಂತ ಅವರ ಹಟ. ಅಮಸಿದ್ದ ಇಳದ. ಇಂಡಿ ಊರಾಂವ, ಹೊಸದಾಗಿ ಮದಿವಿ ಆದಾಂವ, ಹಾಡ ಹೇಳಕೋತ ಇಳದ. ರುಮಾಲ ಗಾಲಿ ಮ್ಯಾಲ ಹಾಕೇ ಇಳದ್ನಪ್ಪಾ... ನಾ ಚಪ್ಪರದ ಕಡೆ ಹೊಂಟಾಗ ಕಣ್ಣಾರೆ ನೋಡೇನಿ.

"ಪೂಜಿ ಮಾಡಾವ್ರು ಬಂದ್ರು. ಗಾಲಿಗೆ ವಿಭೂತಿ, ಕುಂಕುಮ ಹಚ್ಚಬೇಕು. ಅದರ ಮ್ಯಾಲ ಗಂಡಸಿನ ರುಮಾಲ. ತಲಿ ಮ್ಯಾಲಿಂದು ಅದು, ಮಾನದ್ದು... ತಗದು ಕೆಳಗ ಒಗೀತಾರೇನ್ರಿ? ಎರಡೂ ಕೈಲೆ ತಗದು ಕಣ್ಣಿಗೊತ್ತಿ, ಚಂದಗ ಮಡಚಿ ಗ್ವಾಡ್ಯಾನ ದೀಪ ಇಡೂ ಮಾಡದಾಗ ಇಟ್ರು. ಗಾಲಿಗೆ ಮಾಲಿ ಹಾಕಿದ್ರು. ತಪ್ಪ ಮಾಡಾಕಂತ ಮಾಡಿದ್ರೇನು? ಮರ್ಯಾದಿ ಮಾಡಿದ್ರು... ರುಮಾಲ ಕಾಣಲಿಲ್ಲ, ಅಮಸಿದ್ದ ಹೊರಗ ಬಂದಾನ ಅಂತ ತಿಳದ್ರು. ಆಮ್ಯಾಲ ವಿದ್ಯಾಪೀಠದ ದೊಡ್ಡ ಸಾಹೇಬ್ರು ಬಂದು ಗಾಲಿ ತಿರುವಿದ್ರು. ಜಾಯಿಂಟು ಇನ್ನಾ ಬಿಚ್ಚಿತ್ತು. ಹೊರಗ ಬಾಜಾ ಊದಾಕತ್ತಿದ್ರು... ಒಳಗ ಒದರಿದ್ದು ಯಾರಿಗೆ ಕೇಳಬೇಕು?"

ಅವ್ವ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು. ನನ್ನ ಸೂಜಿ ನಿಂತಿತ್ತು.

"ಅಂವನ್ನ ಹೆಂಗ ತಗದ್ವಿ ಅನ್ನೂದು ಬ್ಯಾಡ. ಮರುದಿನದಿಂದ ಬಾಯ್ಲರ್ ಎಂಥಾ ಚಲೋ ನಡೀತಂತೀರಿ! ಕಲ್ಲಿದ್ದಲು ಕಡಿಮಿ, ಕಾವು ಹೆಚ್ಚು. ದೂರದ ಮಂದಿ ನೋಡಾಕ ಬಂದ್ರು, ಸಾಹೇಬ್ರಿಗೆ ಶಾಲು ಹೊದಿಸಿದ್ರು. ಆದ್ರ ಉಗಿ ಬಿಟ್ಟಾಗೊಮ್ಮೆ ಪೈಪಿನಾಗ ಬಡಿತಿತ್ತು... ಧಡ್... ಧಡ್... ಹಾಸ್ಟೆಲ್ಲಿನ ಗ್ವಾಡಿತನಕ. ಪೈಪಿನಾಗ ನೀರು ನಿಂತೈತಿ, ಅದಕ್ಕ ಬಡೀತೈತಿ ಅಂದ್ರು ಸಾಹೇಬ್ರು. ಇರಬಹುದು... ನೀರಿಗೆ ಹಿಂಗ ಬಡ್ಯಾಕ ಕೈ ಇರ್ತಾವೇನ್ರಿ?

"ಒಂದಿನ ಮುಂಜಾನೆ ನಮ್ಮ ಜೋಡಿ ದುಡಿಯೂ ಬಂದೇನವಾಜ ನನ್ನ ಕರದ. ಗಾಲಿ ಮ್ಯಾಲ ರುಮಾಲ. ತೊಯ್ದಿತ್ತು, ಅದರಿಂದ ಹಬಿ ಏಳಾಕತ್ತಿತ್ತು. ಒಳಗ ಯಾರು? ಕೂಗಿ ಕೂಗಿ ಎಲ್ಲಾರ್ನೂ ಕರದ್ವಿ, ಎಲ್ಲಾರೂ ಹೊರಗ ಅದಾರ. ಅವಾಗ ಬಂದೇನವಾಜ ಮೆಲ್ಲಕ ತನ್ನ ತಲಿ ಮುಟ್ಟಿಕೊಂಡ. ಅವನ ತಲಿ ಮ್ಯಾಲ ಹಸರ ಅಂಚಿನ ರುಮಾಲ, ಬೀಡಿ ಸುಟ್ಟ ತೂತು. ಗಾಲಿ ಮ್ಯಾಲೂ ಅದ ಹಸರ ಅಂಚು, ಅದ ತೂತು... ಎರಡು ಅಲ್ರಿ, ಒಂದ ರುಮಾಲ, ಎರಡ ಕಡೆ. ಸಾಹೇಬ್ರು ಬಂದು ಒಂದು ಅರಿವಿ ತುಂಡಿಗೆ ಹೆದರತೀರೇನು ಅಂತ ಅದನ್ನ ತಗದು ಬೆಂಕ್ಯಾಗ ಒಗದ್ರು.

"ಆ ವಾರಾನ ಬಂದೇನವಾಜ ಸುರಂಗಕ್ಕ ಇಳದ. ರುಮಾಲ ಗಾಲಿ ಮ್ಯಾಲ ಹಾಕಿ ಇಳದ. ನಾವೆಲ್ಲಾ ಅಲ್ಲೇ ಕುಂತಿದ್ವಿ, ಯಾರೂ ಎದ್ದಿಲ್ಲ, ಯಾರೂ ಮುಟ್ಟಿಲ್ಲ... ಧಡ್ ಅಂತು. ತಿರುಗಿ ನೋಡ್ತೀವಿ, ಗಾಲಿ ತಿರುಗಿತ್ತು. ರುಮಾಲ ಮಾಡದಾಗ. ಚಂದಗ ಮಡಚಿ."

ಯಾರೂ ಶೇಂಗಾ ಮುಟ್ಟುತ್ತಿರಲಿಲ್ಲ. ಅಣ್ಣ ನಗಲು ನೋಡಿದ, ಅದು ಕೆಮ್ಮಾಯಿತು. ಕೆಮ್ಮು ನಿಲ್ಲುವತನಕ ಎಲ್ಲರೂ ಕಾದೆವು.

"ಅಂವನ ಜಾಗಾಕ್ಕ ನಾ ಬರಾಕತ್ತೇನೇನು, ಕಾಕಾ?"

"ಹೌದಪಾ."

"ಗಣಿಗೆ ಹೋದ್ರ ಸಾಯ್ತೇನಿ, ಅಲ್ಲಿ ಹೋದ್ರ ದೆವ್ವ ಹಿಡೀತೈತಿ. ದೆವ್ವಾನ ಚಲೋ ಬಿಡ್ರಿ, ಧೂಳರ ಇಲ್ಲ."

"ಒಂದ ಮಾತು ಉಳದೈತಿ," ಅಂದರು ಕಾಕಾ. ಅವರ ದನಿ ಇಳಿದಿತ್ತು. "ಇವತ್ತ ನಾ ಹೊಂಡೂ ಮುಂದ ಗಾಲಿ ಮ್ಯಾಲ ಮತ್ತ ಒಂದು ರುಮಾಲ ಇತ್ತು. ನಮ್ಮವ್ರು ಯಾರ್ದೂ ಅಲ್ಲ. ಬಿಳೇದು, ಹಳೇದು... ಒಂದು ಮೂಲಿಗೆ ಕೆಂಪ ಖಣದ ತುಂಡ ಹಚ್ಚಿ ಹೊಲದೈತಿ. ಹೊಲಿಗಿ ಹೊಸಾದು. ಯಾವ ಹೆಣ್ಮಗಳ ಕೈಯೋ ಏನೋ... ನಾ ಮುಟ್ಟಿಲ್ಲ. ಈಗೂ ಅಲ್ಲೇ ಇರಬೇಕು, ಹಬಿ ಬಿಡಕೋತ."

ನಾನು ಎದ್ದೆ. ಅಷ್ಟು ಮಂದಿಯ ನಡುವೆ ನಾನು ಎಂದೂ ಎದ್ದು ನಿಂತವಳಲ್ಲ. ರುಮಾಲನ್ನು ದೀಪದ ಮುಂದೆ ಹಾಸಿದೆ. ಸೂಜಿ ಇನ್ನೂ ಖಣದಲ್ಲೇ ಚುಚ್ಚಿಕೊಂಡಿತ್ತು.

ಕಾಕಾ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಕಸ್ತೂರೆವ್ವ ಗೋಡೆಗೆ ಸರಿದಳು. ಅಣ್ಣ ಬಹಳ ಹೊತ್ತು ಆ ಕೆಂಪು ತುಂಡನ್ನೇ ನೋಡಿದ, ಆಮೇಲೆ ಮತ್ತೆ ಕೆಮ್ಮಿದ. ಅವ್ವ ಅವನ ಕೆಮ್ಮು ಕೇಳುತ್ತ ಮುಂದೆ ಬಂದಳು. ಸೂಜಿ ಕಿತ್ತು ದಾರ ಕಡಿದಳು. ಅಪ್ಪನ ರುಮಾಲನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು, ಚಂದಗೆ ಮಡಚಿ, ಬೆಳಿಗ್ಗೆ ಅಣ್ಣನ ಕೈಗೆ ಸಿಗುವಂತೆ ಗೋಡೆಯ ಮಾಡದಲ್ಲಿಟ್ಟಳು.

"ಅಣ್ಣಾ," ಅಂದೆ, "ನಾಳಿ ಹೋಗಬ್ಯಾಡ."

ಮಳೆ ಸುರಿಯುತ್ತಲೇ ಇತ್ತು.