ಆಗಾಗ ನಿಂತುಹೋಗುವ ಸರ್ವರ್

ಕೆಟ್ಟ ಇಸ್ತ್ರಿಪೆಟ್ಟಿಗೆ ಹಿಡಿದು ರಿಪೇರಿ ಅಂಗಡಿಯ ಬೆಂಚಿನಲ್ಲಿ ಕೂತಿದ್ದ ದರ್ಜಿಗೆ, ಬೇಡವೆಂದರೂ ಪಕ್ಕದ ಅಕ್ಕತಂಗಿಯರ ಮಾತು ಕಿವಿಗೆ ಬೀಳುತ್ತಿತ್ತು. ತಂಗಿಯ ತೊಡೆಯ ಮೇಲೆ, ಮನೆಯ ಸಿನಿಮಾಗಳನ್ನೆಲ್ಲ ತುಂಬಿಟ್ಟ ಸರ್ವರ್ ಇತ್ತು.

“ಏನಾಗಿದೆಯೇ ಇದಕ್ಕೆ?”

“ಸಿನಿಮಾ ಇನ್ನೇನು ಮುಗೀಬೇಕು, ಅಷ್ಟರಲ್ಲಿ ನಿಂತುಬಿಡುತ್ತೆ ಅಕ್ಕಾ. ನಮ್ಮನೆಯವರು ವೈರ್ ಬದಲಾಯಿಸಿದ್ರು, ಡಿಸ್ಕ್ ಬದಲಾಯಿಸಿದ್ರು, ತಲೆ ಕೆರ್ಕೊಂಡಿದ್ದೇ ಬಂತು. ಈಗ ತೋರಿಸ್ಕೊಂಡು ಬಾ ಅಂತ ನನ್ನನ್ನೇ ಕಳಿಸಿದ್ದಾರೆ.”

“ಅದಕ್ಕೆ ನೀನ್ಯಾಕೆ ನಗ್ತಿದ್ದೀಯ?”

“ಅಮ್ಮ ತೀರಿಹೋಗೋಕೆ ಮುಂಚೆ ಹಾಡಿದ್ದೆಲ್ಲ ಇದರಲ್ಲೇ ಇತ್ತಲ್ಲ. ಸಿನಿಮಾಕ್ಕೆ ಜಾಗ ಸಾಲದು ಅಂತ ಅಳಿಸಿಹಾಕಿದ್ರು. ನನ್ನನ್ನ ಒಂದು ಮಾತು ಕೇಳಲಿಲ್ಲ.”

“ಅಷ್ಟೂ ಹಾಡು?” ಅಕ್ಕನ ದನಿ ಇಳಿಯಿತು.

“ಅಷ್ಟೂ. ಅದಕ್ಕೇ ಅವರು ಸಿನಿಮಾ ಹಾಕಿದ ಕೂಡಲೇ ಒಳಗೆ ಹೋಗಿ ಇದಕ್ಕೆ ಶಾಲು ಹೊದಿಸ್ತೀನಿ. ಗಾಳಿಯಾಡದೆ ಕಾದು ಕಾದು ನಿಲ್ಲುತ್ತೆ. ಅವರು ಎದ್ದು ಬರೋದರೊಳಗೆ ಶಾಲು ತೆಗೆದಿಡ್ತೀನಿ.”

“ಸುಟ್ಟುಹೋದ್ರೆ?”

“ಹೋಗ್ಲಿ.”

“ಯಾವ ಶಾಲು?”

“ಅಮ್ಮಂದೇ.”

ಅಷ್ಟರಲ್ಲಿ ರಿಪೇರಿಯವನು ಕರೆದ. “ಏನಮ್ಮಾ ತೊಂದರೆ?”

“ಯಾಕೋ ಗೊತ್ತಿಲ್ಲಪ್ಪ, ಆಗಾಗ ನಿಂತುಹೋಗುತ್ತೆ,” ಅನ್ನುತ್ತ ತಂಗಿ ಎದ್ದಳು.

ಅಕ್ಕ ಹಿಂದೆಯೇ ಎದ್ದು, ಅವಳ ಕಿವಿಯಲ್ಲಿ ಹೇಳಿದಳು: “ಅಮ್ಮನ ಕಂಬಳಿ ನನ್ನ ಹತ್ರ ಇದೆ. ಸಂಜೆ ತಂದುಕೊಡ್ತೀನಿ, ಅದು ಇನ್ನೂ ದಪ್ಪ.”