ಒಂದೇ ಸ್ಪೀಕರ್ ಸಾಕು

ಅಲ್ಲಪ್ಪ ಅತೀಕ್, ಎರಡು ಬೇಡ ಅಂದ್ನಲ್ಲ! ಒಂದು. ಒಂದೇ ಸಾಕು. ಜೋಡಿ ಕೊಟ್ರೆ ಇನ್ನೊಂದನ್ನ ಏನು ಮಾಡ್ಲಿ, ಅಟ್ಟಕ್ಕೆ ಎಸೀಲಾ? ... ಗೊತ್ತು, ಗೊತ್ತು. ಶಾಸ್ತ್ರೀಯ ಸಂಗೀತಕ್ಕೆ ಎಡಕ್ಕೊಂದು ಬಲಕ್ಕೊಂದು ಇದ್ರೇನೇ ಚಂದ, ಕಛೇರೀಲಿ ಕೂತಂಗಿರುತ್ತೆ... ಆಗ್ಲಿಂದ ಅದನ್ನೇ ಹೇಳ್ತಿದ್ದೀಯ. ನಾನೇನು ಕಿವುಡನಾ? ಈ ಮುಳಬಾಗಿಲಿನಲ್ಲಿ ನಾನು ನಾಗಸ್ವರ ಊದದೇ ಇರೋ ಮದುವೆ ಯಾವುದಿದೆ ಹೇಳು! ನಿಮ್ಮಪ್ಪ ಇಸ್ಮಾಯಿಲ್ ಸಾಬ್ರು ಈ ಅಂಗಡಿ ತೆಗೆದ ದಿನಾನೂ ಈ ನರಸಿಂಹಪ್ಪನೇ ಬಂದು ಊದಿದ್ದು.

ನಗ್ಬೇಡ. ಒಬ್ಬ ಮನುಷ್ಯ ಎರಡು ಮೂಲೇಲಿ ಕೂತ್ಕೊಂಡು ಊದ್ತಾನೇನಪ್ಪ?

ಯಾರಿಗಾ? ನನಗೇ! ವಯಸ್ಸಾಯ್ತು, ಊದಿದ್ದು ಸಾಕು, ಇನ್ನು ಕಾಲು ಚಾಚ್ಕೊಂಡು ಕೂತು ಕೇಳೋಣ ಅಂತ. ತಪ್ಪಾ?

ಹಾಕು, ಆ ಕರೀದು ಹಾಕು. ನನ್ನ ಫೋನಲ್ಲಿರೋದೇ ಹಾಕು... ಬಿಲಹರಿ ರಾಗ. ಹೋದ ವರ್ಷ ನಾನೇ ಊದಿದ್ದು, ಮಗಳು ಚಂದನ ರೆಕಾರ್ಡ್ ಮಾಡಿದ್ಲು. ಡೋಲಿಲ್ಲ, ಶ್ರುತಿ ಇಲ್ಲ, ಬರೀ ಮನೆ ಅಭ್ಯಾಸ. ತಡಿ, ನಾನು ಆಚೆ ನಿಂತ್ಕೋತೀನಿ. ಬಾಗಿಲು ಮುಂದಕ್ಕೆ ಮಾಡು... ಮಾಡಪ್ಪ, ಗಿರಾಕಿ ಬಂದ್ರೆ ತಳ್ಕೊಂಡು ಬರ್ತಾರೆ!

... ಛೆ! ತೆಗಿ, ತೆಗಿ. ಕೊಡದೊಳಗೆ ಕೂತು ಊದಿದಂಗೆ ಗುಂಯ್ ಅಂತಿದೆ. ಇದನ್ನ ಗಣೇಶನ ಪೆಂಡಾಲಿಗೆ ಕೊಡು. ಆ ಬಿಳೀದು ಹಾಕು... ಊಂ... ಇದೂ ಅಲ್ಲ. ತೀರಾ ನುಣ್ಣಗಿದೆ, ಉಸಿರೇ ಕೇಳಿಸ್ತಿಲ್ಲ. ಸ್ವರ ಬಿಟ್ಟು ಉಸಿರು ಎಳ್ಕೋತೀನಲ್ಲ, ಆ ಸುಯ್ ಅನ್ನೋದು, ಅದು ಬೇಕು. ಮಧ್ಯದಲ್ಲಿ ಬಾಯಿಗಿಡೋ ಪೀಪಿ ಒಂದ್ಸಲ ಕಿರ್ ಅಂತಲ್ಲ, ಅದೂ ಬೇಕು. ನಗ್ಬೇಡ ಅಂದೆ! ಅವಳು ಅದರಿಂದ್ಲೇ ನನ್ನ ಗುರುತು ಹಿಡಿಯೋದು.

ಯಾವಳು ಅಂದ್ರೆ? ... ಇನ್ಯಾವಳು, ನನ್ನ ಹೆಂಡ್ತಿ, ಆವಲಮ್ಮ.

... ಹೇಳ್ತೀನಿ ಬಿಡು. ಸ್ಟೂಲ್ ಕೊಡು, ಕೂತ್ಕೊಂಡು ಹೇಳ್ತೀನಿ. ತಡಿ... ಈ ದರಿದ್ರ ಕೆಮ್ಮು... ಏನಿಲ್ಲ, ಬಜಾರ್ ಧೂಳು. ನೀರು ಬೇಡ.

ಅವಳಿಗೆ ಮರೆವು ಬಂದು ಎರಡು ವರ್ಷ ಆಯ್ತು. ಕನ್ನಡಾನೇ ಮರೆತೋಯ್ತು, ತೌರುಮನೆ ತೆಲುಗು ಮಾತ್ರ ಉಳ್ಕೊಂಡಿದೆ. ನಾನು ಎದುರಿಗೆ ಹೋದ್ರೆ, "ಎವರಯ್ಯಾ ನುವ್ವು?" ಅಂತಾಳೆ. ಯಾರಯ್ಯ ನೀನು ಅಂತ! ನನ್ನ! ಸೆರಗು ಹೊದ್ಕೊಂಡು ಗೋಡೆಗೆ ಅಂಟ್ಕೋತಾಳೆ. ನಾನು ತುತ್ತು ಹಿಡಿದ್ರೆ ಬಾಯಿ ಬಿಗೀತಾಳೆ. ಪರಗಂಡಸಿನ ಕೈಲಿ ಉಣ್ತಾಳಾ ಅವಳು, ಮಾನವಂತೆ... ಅದೇ ನಾನು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕ್ಕೊಂಡು ನಾಗಸ್ವರ ಎತ್ತಿದ್ನಾ... ಮುಖ ಅರಳುತ್ತೆ ಅತೀಕ್! "ಮಾ ಆಯನ" ಅಂತಾಳೆ. ನಮ್ಮ ಯಜಮಾನರು ಅಂತ. ಆಗ ಚಂದನ ತುತ್ತು ಕೊಟ್ರೆ ತಿಂತಾಳೆ. ನಾನು ನಿಲ್ಲಿಸಿದ್ರೆ ಅವಳೂ ನಿಲ್ಲಿಸ್ತಾಳೆ. ನಾನು ಊದಿದ್ರೆ ಅವಳಿಗೆ ಊಟ, ಇಲ್ಲಾಂದ್ರೆ ಇಲ್ಲ.

ಜೋಡಿ ಇಟ್ಟು ನೋಡಿದ್ದೂ ಆಯ್ತಪ್ಪ. ಪಕ್ಕದ ಮನೆ ಮೂರ್ತಿ ತನ್ನದನ್ನ ಕೊಟ್ಟಿದ್ದ. ದಡ್ಡರ ಥರ ಅವಳ ಎದುರಿಗೇ ಇಟ್ವಿ, ಆ ಕಡೆ ಒಂದು, ಈ ಕಡೆ ಒಂದು. ಸ್ವರ ನಡುವೆ ನೇತಾಡ್ತು... ಯಾರೂ ಇಲ್ಲದ ಕಡೆಯಿಂದ! ಅವಳು ಅದನ್ನ ನೋಡಿದ್ಲು, ಇದನ್ನ ನೋಡಿದ್ಲು, ನಡುವಿನ ಖಾಲಿ ಗೋಡೆ ನೋಡಿದ್ಲು, ಕಿಟಾರನೆ ಕಿರುಚ್ಕೊಂಡ್ಲು. ಅವತ್ತು ಉಪವಾಸ. ಮಾರನೇ ದಿನಾನೂ. ಅದಕ್ಕೇ ಒಂದೇ ಸಾಕು ಅಂದಿದ್ದು, ಒಳಗಿನ ಕೋಣೇಲಿಟ್ಟು ಬಾಗಿಲು ಹಾಕೋಕೆ.

ನೀನೇನು ಕೇಳ್ಬೇಕು ಅಂತಿದ್ದೀಯ ಗೊತ್ತಾಯ್ತು. ನೀನೇ ಊದಬಹುದಲ್ಲ ತಾತ, ಅಂತ ತಾನೇ? ಊದ್ತೀನಿ! ಊದಲ್ಲ ಅಂದೋರು ಯಾರು? ತುಟಿ ಹುಣ್ಣಾಗಿದೆ. ವಾಸಿಯಾಗೋವರೆಗೆ ಇದು, ಅಷ್ಟೇ.

ಯಾಕೆ ನನ್ನ ತುಟಿ ನೋಡ್ತೀಯ? ಒಳಗಡೆ ಹುಣ್ಣಪ್ಪ! ಮೂಲೇಲಿ ಮರದ ಡಬ್ಬದ್ದು ಇದೆಯಲ್ಲ, ಹಳೇದು, ಅದನ್ನ ಹಾಕು. ಬಾಗಿಲು...

... ಅಯ್ಯೋ. ... ಅತೀಕ್, ಇದೇ ಕಣಪ್ಪ! ಉಸಿರು ಕೇಳ್ತಾ? ಇರು, ಈಗ ಎಳ್ಕೋತೀನಿ ನೋಡು... ಎಂಥಾ ಉಸಿರು! ಒಂದೇ ಎಳೆತಕ್ಕೆ ಅಷ್ಟುದ್ದ ಸ್ವರ... ನಾನೇನಾ ಅದು?

ಇಲ್ಲ, ಅಳ್ತಿಲ್ಲ. ಕೆಮ್ಮಿದ್ರೆ ಕಣ್ಣಲ್ಲಿ ನೀರು ಬರುತ್ತೆ.

ಇದನ್ನೇ ಕಟ್ಟಿಕೊಡು. ಆನ್ ಮಾಡೋದು, ಆಫ್ ಮಾಡೋದು ಎಲ್ಲ ಚಂದನಾಗೆ ಹೇಳ್ಕೊಡು, ನಾಳೆ ಕಳಿಸ್ತೀನಿ. ನನಗ್ಯಾಕೆ? ನನಗೆ ಬೇಡ. ಕೆಟ್ಟೋದ್ರೂ ಅವಳೇ ತರ್ತಾಳೆ. ಫೋನ್ ನಂಬರ್ ಅವಳದೇ ಬರ್ಕೋ. ನನ್ನದು ಬೇಡ.

ಯಾಕಪ್ಪ, ಕೈ ನಿಲ್ಲಿಸ್ದೆ? ... ಕಟ್ಟು. ... ಏನಾದ್ರೂ ಅನ್ನು! ಆಗ್ಲಿಂದ ವಟವಟ ಅಂತಿದ್ದೆ, ಈಗ್ಯಾಕೆ... ಹಂಗೆ ನೋಡ್ಬೇಡ ಅತೀಕ್. ನಿಮ್ಮಪ್ಪಾನೂ ಹಿಂಗೇ ನೋಡೋರು, ಸುಮ್ಮನೆ, ಸುಳ್ಳು ಹೇಳಿದೋರು ತಾವಾಗೇ ಬಾಯಿ ಬಿಡೋವರೆಗೆ.

... ಆಯ್ತು. ತುಟಿಗೆ ಏನೂ ಆಗಿಲ್ಲ. ಶ್ವಾಸಕೋಶ. ಕೋಲಾರದಲ್ಲಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದ್ರು, ಆಮೇಲೆ ಮನೇಲಿ ಯಾರ್ಯಾರಿದ್ದಾರೆ ಅಂತ ಕೇಳಿದ್ರು. ಮಾವಿನಕಾಯಿ ಇಳಿಸೋ ಹೊತ್ತಿಗೆ ನಾನಿರಲ್ಲ. ಸಾಯೋಕೆ ಭಯ ಇಲ್ಲಪ್ಪ... ಸುಳ್ಳು, ಇದೆ. ಅದಕ್ಕಿಂತ ಭಯ, ನಾನು ಹೋದ ಮೇಲೆ ಅವಳು ಬಾಯಿ ಬಿಗಿ ಹಿಡ್ಕೊಂಡು ಕೂತ್ಬಿಟ್ರೆ ಅಂತ.

ಚಂದನಾಗೆ ಎಲ್ಲ ಹೇಳಿದೀನಿ. ನನ್ನನ್ನ ಎತ್ತೋ ದಿನ ತಮಟೆ ಬೇಡ, ಗೋಳಾಟ ಬೇಡ, ಹಿತ್ತಲ ಕಡೆಯಿಂದ ಸದ್ದಿಲ್ಲದೆ ಒಯ್ದುಬಿಡಿ. ಅವತ್ತೂ ಹೊತ್ತಿಗೆ ಸರಿಯಾಗಿ ಅವಳ ಮುಂದೆ ತಟ್ಟೆ ಇಡಿ ಅಂದಿದೀನಿ. ನಾನು ಒಳಗೆ ಊದ್ತಾ ಇರ್ತೀನಿ.